ಕಂಪ್ಯೂಟರಿನೊಳಗೆ ಗುಬ್ಬಿ ತಾಲ್ಲೂಕು ಮಾಯವಾದದ್ದು

ನನ್ನ ಮೊಮ್ಮಗಳು ಹುಟ್ಟಿದ್ದು ಆಯುಧಪೂಜೆಯ ದಿನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಂಪ್ಯೂಟರಿನ ಕಥೆ ಹೇಳುತ್ತಾ ಹೇಳುತ್ತಾ ನಾನು ಅವಳ ಕೆನ್ನೆಯ ಕಥೆಗೆ ಹೋಗಿಬಿಡುತ್ತೇನೆ. ನನ್ನ ಕುದುರೆಯೂ ಹಾಗೇ ಇತ್ತು. ಬಿ.ಎಚ್. ರಸ್ತೆಯ ಕಡೆ ತಿರುಗಿಸಿದರೂ ಅಷ್ಟೇ, ಸ್ಟೇಷನ್ನಿನ ಕಡೆ ತಿರುಗಿಸಿದರೂ ಅಷ್ಟೇ, ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಹುರುಳಿ ಮಾರುವ ಅಂಗಡಿಯ ಮುಂದೆ. ಸವಾರಿಯವರು ಬೈಯುತ್ತಿದ್ದರು. ನನ್ನನ್ನು ಬೈಯುವವರು ಈಗ ಯಾರೂ ಇಲ್ಲ. ಆದ್ದರಿಂದ ಒಂದೆರಡು ಸಲ ಕೆನ್ನೆಯ ಕಡೆಗೆ ಹೋದರೆ ಓದುವವರು ತಾಳಿಕೊಳ್ಳಬೇಕು.

ನಾನು ತುಮಕೂರಿನಲ್ಲಿ ಜಟ್ಕಾ ಓಡಿಸುತ್ತಿದ್ದವನು. ಓದಿದ್ದು ಮೂರನೇ ಕ್ಲಾಸು. ಮೂರನೆಯದರಲ್ಲೂ ಮುಕ್ಕಾಲು ಪಾಲು ಮೇಷ್ಟರ ಎಮ್ಮೆ ಕಾದದ್ದೇ ಆಯಿತು. ಎಪ್ಪತ್ತರ ದಶಕದಲ್ಲಿ ರೈಲು ಬಂದರೆ ನಮ್ಮ ಸ್ಟಾಂಡಿನಲ್ಲಿ ಜಾತ್ರೆಯ ಹಾಗೆ ಗಲಾಟೆ. ನನ್ನ ಒಬ್ಬಳೇ ಮಗಳು ಆಗ ಲಂಗ ಹಾಕಿಕೊಂಡು ಜಟ್ಕಾದ ಮುಂದೆ ಮೂಕಿಯ ಹತ್ತಿರ ನನ್ನ ಪಕ್ಕದಲ್ಲೇ ಕೂತು, ಇಳಿದ ಜನರಲ್ಲಿ ಜಟ್ಕಾ ಹತ್ತುವವರು ಎಷ್ಟು, ನಡೆದೇ ಹೋಗುವ ಜುಗ್ಗರು ಎಷ್ಟು ಅಂತ ಎಣಿಸುತ್ತಿದ್ದಳು. "ಅಪ್ಪಾ, ಅರಸೀಕೆರೆ ಕಡೆಯಿಂದ ಬರೋರು ನಡೀತಾರೆ, ಬೆಂಗ್ಳೂರು ಕಡೆಯೋರು ಹತ್ತುತಾರೆ. ಆ ರೈಲಿಗೆ ಮಾತ್ರ ಬಾ" ಅನ್ನುತ್ತಿದ್ದಳು. ನಾನು ಅವಳ ಮಾತು ಕೇಳಿ ಅರಸೀಕೆರೆಯ ರೈಲಿನ ಹೊತ್ತಿಗೆ ಮರದ ಕೆಳಗೆ ಮಲಗಿ ನಿದ್ದೆ ಮಾಡುತ್ತಿದ್ದೆ. ನನ್ನ ಮಟ್ಟಿಗೆ ವಿದ್ಯೆಯಿಂದ ಸಿಕ್ಕ ಮೊದಲನೇ ಲಾಭ ಆ ನಿದ್ದೆ.

ಅದೇ ಚಟ ಅವಳನ್ನು ಕಾಲೇಜಿನವರೆಗೂ ಎಳೆದುಕೊಂಡು ಹೋಯಿತು. ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಓದು ಇದೆ ಅಂತ ನಮ್ಮ ಸ್ಟಾಂಡಿಗೆ ಗೊತ್ತಾದದ್ದೇ ಆಗ.

"ಏನ್ಲಾ ಓದ್ತಾವ್ಳೆ ನಿನ್ ಮಗ್ಳು?"

"ಲೆಕ್ಕ ಕಣ್ಲಾ. ಎಲ್ಲಾನೂ ಎಣಿಸಿ, ಕೂಡಿ, ಸರಾಸರಿ ತೆಗೆಯೋದು."

"ಅಂದ್ರೆ ನಮ್ಮೆಲ್ಲರ ಕುದುರೆ ಸೇರಿಸಿ ಸರಾಸರಿ ತೆಗುದ್ರೆ?"

"ನಿನ್ ಕುದುರೆಯಿಂದ ಎಲ್ಲಾರ್ದೂ ಕುಂಟ್ತದೆ."

ಓದು ಮುಗಿಯಿತು. ತುಮಕೂರಿನಲ್ಲೇ ಒಂದು ಸರ್ಕಾರಿ ಲೆಕ್ಕದ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಟೆಂಪೊರರಿ. ಸರ್ಕಾರದಲ್ಲಿ ಟೆಂಪೊರರಿ ಅಂದರೆ ಬಾಡಿಗೆ ಕುದುರೆಯ ಹಾಗೆ: ಎಳೆಯುವುದು ಅದೇ ಭಾರ, ಮಲಗುವುದಕ್ಕೆ ಮಾತ್ರ ಲಾಯವಿಲ್ಲ. ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟೆವು. ಕೆಲಸಕ್ಕಾಗಿ ಮಗಳು ತುಮಕೂರಿನಲ್ಲಿ ನಮ್ಮ ಮನೆಯಲ್ಲೇ ಉಳಿದಳು. ಅಳಿಯ ಒಳ್ಳೆಯವನು. ಬೀಗಿತ್ತಿಯೂ ಒಳ್ಳೆಯವರೇ, ಬಾಯಿ ಮುಚ್ಚಿಕೊಂಡಾಗ. "ಕೆಲಸ ಖಾಯಂ ಆದ್ರೆ ಮಾಡ್ಲಿ. ಇಲ್ದಿದ್ರೆ ಬಾಣಂತನ ಮುಗಿಸ್ಕೊಂಡು ಮಗೀನ ಎತ್ಕೊಂಡು ಕುಣಿಗಲ್‌ಗೆ ಬಂದು ಮನೆ ನೋಡ್ಕಳ್ಳಿ" ಅಂತ ಸೀಮಂತದ ದಿನವೇ ಕೋಸಂಬರಿ ತಿನ್ನುತ್ತಾ ಹೇಳಿಬಿಟ್ಟರು. ಮಗಳು ತಲೆ ಎತ್ತಲಿಲ್ಲ. ಎಣಿಸುವುದನ್ನು ಬಿಟ್ಟು ಅವಳು ಬದುಕಿರುತ್ತಾಳೆ ಅಂತ ನನಗೆ ಅನ್ನಿಸುತ್ತಿರಲಿಲ್ಲ. ಕೋಸಂಬರಿಯಲ್ಲಿದ್ದ ಕೊಬ್ಬರಿ ಚೂರನ್ನೂ ಆಗ ಅವಳು ಎಣಿಸುತ್ತಿದ್ದಳೋ ಏನೋ.

ಎಂಬತ್ತರ ದಶಕದ ಕೊನೆಯ ಕಡೆ ಆ ಕಚೇರಿಗೆ ಕಂಪ್ಯೂಟರ್ ಬಂತು. ಸ್ಟೇಷನ್ನಿಂದ ಅದನ್ನು ತಂದದ್ದು ನನ್ನ ಜಟ್ಕಾದಲ್ಲೇ. ಲಾರಿ ಎತ್ತಿ ಕುಕ್ಕುತ್ತದೆ, ಆಟೋ ಅಲುಗಾಡಿಸುತ್ತದೆ, ಆದ್ದರಿಂದ ಕುದುರೆಯೇ ವಾಸಿ ಅಂತ ಸಾಹೇಬರು ತೀರ್ಮಾನ ಮಾಡಿದರು. ಈ ಸಾಹೇಬರು ಗುಬ್ಬಿಯವರು. ಕೆಟ್ಟವರಲ್ಲ. ಮಗಳು ಬಸುರಿಯಾದಾಗ ಬೇರೆಯವರಾಗಿದ್ದರೆ ಮನೆಗೆ ಕಳಿಸಿಬಿಡುತ್ತಿದ್ದರು, ಇವರು "ಹೆರಿಗೆ ಮುಗಿಸ್ಕೊಂಡ್ ಬಾಮ್ಮ" ಅಂದರು. ಆದರೆ ಅವರಿಗೆ ಪ್ರಮೋಷನ್ ಬರಬೇಕಾಗಿತ್ತು. ಪ್ರಮೋಷನ್ ಕಾಯುವ ಅಧಿಕಾರಿಗೂ ಮಳೆ ಕಾಯುವ ಕಪ್ಪೆಗೂ ಎಲ್ಲದರಲ್ಲೂ ಶಕುನ ಕಾಣುತ್ತದೆ. ಕಚೇರಿಯ ಬಾಗಿಲು ಯಾವ ದಿಕ್ಕಿಗೆ, ಕುರ್ಚಿ ಯಾವ ಮೂಲೆಗೆ, ಮೊದಲ ಸಹಿ ಯಾವ ಹೊತ್ತಿಗೆ, ಎಲ್ಲಕ್ಕೂ ಪಂಚಾಂಗ.

ಕಂಪ್ಯೂಟರಿಗೆ ಒಂದು ರೂಮು, ರೂಮಿಗೆ ಏಸಿ. ಇಡೀ ಕಚೇರಿ ಬೆವರುತ್ತಾ ಇದ್ದಾಗ ಅದೊಂದು ಡಬ್ಬ ಮಾತ್ರ ಮದುವೆ ಗಂಡಿನ ಹಾಗೆ ತಣ್ಣಗೆ ಕೂತಿರುತ್ತಿತ್ತು. ಚಪ್ಪಲಿ ಹೊರಗೆ. ಡಬ್ಬದೊಳಗೆ ಲೆಕ್ಕದ ಒಂದು ಪ್ಯಾಕೇಜು ಇತ್ತಂತೆ. ಯಾವುದೋ ದೇಶದವರು ಮಾಡಿ ಮಾರಿದ್ದು. ಸರಾಸರಿ ಗಿರಾಸರಿ ಎಲ್ಲ ಅದೇ ತೆಗೆಯುತ್ತದೆ. ಆದರೆ ನಮ್ಮ ಸಾಹೇಬರಿಗೆ ಬೇಕಾದ ಎಮ್ಮೆ ಹಾಲಿನ ಲೆಕ್ಕ ಅದಕ್ಕೆ ಬರುತ್ತಿರಲಿಲ್ಲ. ಗುಬ್ಬಿ, ಕುಣಿಗಲ್, ತುಮಕೂರು ಈ ಮೂರು ತಾಲ್ಲೂಕಿನಲ್ಲಿ ಒಂದೊಂದು ಎಮ್ಮೆ ಸರಾಸರಿ ಎಷ್ಟು ಹಾಲು ಕೊಡುತ್ತದೆ, ಕರು ಕುಡಿದದ್ದು ಎಷ್ಟು, ಮನೆಯವರು ಮುಚ್ಚಿಟ್ಟದ್ದು ಎಷ್ಟು ಅಂತ ತೂಗಿ ನೋಡುವ ಲೆಕ್ಕ. ಅದಕ್ಕೆ ನನ್ನ ಮಗಳೇ ತಿಂಗಳುಗಟ್ಟಲೆ ಕೂತು ಒಂದು ಪ್ರೋಗ್ರಾಂ ಬರೆದು ಆ ಪ್ಯಾಕೇಜಿನ ಹೊಟ್ಟೆಯೊಳಗೆ ಸೇರಿಸಿದ್ದಳು.

"ಅದೇನವ್ವಾ ಸೇರ್ಸೋದು?" ಅಂತ ಕೇಳಿದೆ.

"ಅಪ್ಪಾ, ನಾನು ಬರೆಯೋದು ಅಕ್ಕಿ ಉದ್ದು ಇದ್ದಂಗೆ. ಯಾವ್ದು ಏನು ಅಂತ ಕಣ್ಣಿಗೆ ಕಾಣ್ತದೆ. ಮಿಷನ್ನಿಗೆ ಅದು ಹಂಗೇ ತಿನ್ನಕ್ಕೆ ಬರಲ್ಲ. ರುಬ್ಬಿ ಕೊಡ್ಬೇಕು. ರುಬ್ಬಿದ್ಮೇಲೆ ಬರೀ ಹಿಟ್ಟು. ಆಮೇಲೆ ನಾನೇ ನೋಡಿದ್ರೂ ಅಕ್ಕಿ ಯಾವ್ದು ಉದ್ದು ಯಾವ್ದು ತಿಳಿಯಲ್ಲ."

ನನಗೆ ಪೂರ್ತಿ ಅರ್ಥವಾಯಿತು. ಅಂದರೆ, ದೋಸೆ ಅರ್ಥವಾಯಿತು.

ಆ ವರ್ಷದ ಆಯುಧಪೂಜೆ. ಬೆಳಿಗ್ಗೆ ನನ್ನ ಜಟ್ಕಾ ತೊಳೆದು, ಕುದುರೆಗೆ ಚೆಂಡುಹೂವಿನ ಹಾರ ಹಾಕಿ, ಅದು ಆ ಹಾರ ತಿಂದು, ಇನ್ನೊಂದು ತಂದು ಹಾಕಿ, ದಿನ ತುಂಬಿದ ಮಗಳನ್ನು ಕಚೇರಿಗೆ ಕರೆದುಕೊಂಡು ಹೋದೆ. ಹಬ್ಬದ ದಿನ ಯಾಕೆ ಅಂತ ನನ್ನ ಹೆಂಡತಿ ಕೂಗಾಡಿದಳು. ಪೂಜೆಯ ಹೊತ್ತಿಗೆ ಪರದೆಯ ಮೇಲೆ ಏನಾದರೂ ಓಡುತ್ತಿರಬೇಕು ಅಂತ ಸಾಹೇಬರ ಆಸೆ. ಓಡಿಸುವುದು ಗೊತ್ತಿದ್ದವಳು ಇವಳೊಬ್ಬಳೇ.

ಪ್ರಿಂಟರಿನ ಕೆಳಗೆ ನಿಂಬೆಹಣ್ಣು. ಜಟ್ಕಾ ಆದರೆ ಮುಂದಕ್ಕೆ ಹೋಗಿ ನಿಂಬೆಹಣ್ಣು ಪಚಕ್ ಅನ್ನಿಸುತ್ತದೆ. ಪ್ರಿಂಟರು ಹೋಗುವುದೆಲ್ಲಿಗೆ? ಇಬ್ಬರು ಎತ್ತಿ ಅದರ ಮೇಲೆ ಕುಕ್ಕಿದರು. ಬೂದುಗುಂಬಳಕಾಯಿಯನ್ನು ಏಸಿ ರೂಮಿನ ಹೊಸ್ತಿಲಲ್ಲಿ ಒಡೆದರು. ಸಾಹೇಬರು ಪಂಚೆ ಉಟ್ಟು ಮಂಗಳಾರತಿ ತಟ್ಟೆ ಹಿಡಿದು ಪರದೆಯ ಹತ್ತಿರ ಬಗ್ಗಿದವರು ಗಕ್ಕನೆ ನಿಂತರು.

"ಏನಮ್ಮ ಇದು? ಇಲ್ಲಿ ಸೊನ್ನೆ ಇದೆ?"

ಮಗಳು ಬರೆದ ಪ್ರೋಗ್ರಾಮು ಪರದೆಯ ಮೇಲೆ ಬಿಚ್ಚಿಕೊಂಡಿತ್ತು. "ಅಲ್ಲಿಂದ ಎಣಿಕೆ ಶುರು ಸಾರ್" ಅಂದಳು.

"ಸೊನ್ನೆಯಿಂದ್ಲಾ! ಹಬ್ಬದ ದಿವ್ಸ, ಹೊಸ ಯಂತ್ರ, ಮೊದಲ್ನೇ ಪೂಜೆ! ಯಾರಾದ್ರೂ ಮುಯ್ಯಿ ಮಾಡೋವಾಗ ಸೊನ್ನೆ ಇಟ್ಟು ಮಾಡ್ತಾರಾ? ಮೇಲೊಂದು ರೂಪಾಯಿ ಇಡಲ್ವಾ? ನನ್ನ ಆಫೀಸಲ್ಲಿ ಯಾವ್ದೂ ಸೊನ್ನೆಯಿಂದ ಶುರು ಆಗಕೂಡ್ದು. ಒಂದು ಮಾಡು."

"ಸಾರ್, ಅದು..."

"ಆರತಿ ಆರ್ತಾ ಇದೆ, ಮಾಡಮ್ಮ!"

ಮಾಡಿದಳು. ಸೊನ್ನೆ ಅಳಿಸಿ ಒಂದು ಒತ್ತಿ, ರುಬ್ಬುವ ಗುಂಡಿ ಒತ್ತಿ, ಹಿಟ್ಟು ಡಬ್ಬದ ಹೊಟ್ಟೆಗೆ ಹೋದ ಮೇಲೆ ತಾನು ಬರೆದ ಅಕ್ಕಿ ಉದ್ದು ಇದ್ದ ಫ್ಲಾಪಿ ತಟ್ಟೆಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟವಳು ಹಾಗೇ ಮೇಜು ಹಿಡಿದುಕೊಂಡು, "ಅಪ್ಪಾ, ಜಟ್ಕಾ" ಅಂದಳು.

ಹಾರ ಹಾಕಿದ ಜಟ್ಕಾದಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಜನ ನಮಗೆ ಹಬ್ಬದ ಮೆರವಣಿಗೆ ಅಂತ ಕೈಮುಗಿದರು. ಆವತ್ತು ಮಾತ್ರ ನನ್ನ ಕುದುರೆ ಹುರುಳಿ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆಯ ಹೊತ್ತಿಗೆ ನಾನು ತಾತ! ನರ್ಸು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. ಆ ಕೆನ್ನೆ... ಬೇಡ, ತಾಳಿ. ಒಂದೇ ಮಾತು. ಹೊಸದಾಗಿ ಬಿಡಿಸಿದ ಎಳನೀರಿನ ಗಂಜಿಯ ಹಾಗೆ ಇತ್ತು. ನಾನು ಸ್ಟಾಂಡಿಗೆ ಓಡಿಹೋಗಿ ಎಲ್ಲರಿಗೂ ಪುರಿ ಬೆಲ್ಲ ಹಂಚಿದೆ. ಎಲ್ಲ ಕುದುರೆಗಳಿಗೂ ಹಂಚಿದೆ. "ಹೆಣ್ ಮಗಾ ಹುಟ್ಟಿದ್ಕೆ ಇಷ್ಟಾ?" ಅಂದವನೊಬ್ಬ. ಅವನ ಪಾಲನ್ನು ವಾಪಸ್ ಕಿತ್ತುಕೊಂಡು ಅವನ ಕುದುರೆಗೇ ಕೊಟ್ಟೆ.

ಅತ್ತ ಕಚೇರಿಯಲ್ಲಿ ಪೂಜೆ ಮುಂದುವರಿದಿತ್ತು. ಮೇಜಿನ ಮೇಲಿದ್ದ ಫ್ಲಾಪಿಗೆ ಸಾಹೇಬರು ಸ್ವಹಸ್ತದಿಂದ ಅರಿಶಿನ ಕುಂಕುಮ ಹಚ್ಚಿದರು. ಅದರ ಮೈಯಲ್ಲಿ ಒಂದು ಕಿಂಡಿ ಇರುತ್ತಿತ್ತು. ಅದೇ ಅದರ ಕಣ್ಣು ಅಂತ ತಿಳಿದು ಅಲ್ಲಿಗೇ ಹಚ್ಚಿದರಂತೆ, ಶ್ರದ್ಧೆಯಿಂದ, ಎರಡು ಸಲ.

ಬಾಣಂತನ ಮುಗಿದು, ಸಂಕ್ರಾಂತಿ ಕಳೆದ ಮೇಲೆ ಮಗಳು ಕೆಲಸಕ್ಕೆ ಹೋದಳು. ಕೂಸಿಗೆ ಹಾಲು ಕುಡಿಸುವ ಹೊತ್ತಿಗೆ ನಾನು ಜಟ್ಕಾದಲ್ಲಿ ಕರೆದುಕೊಂಡು ಹೋಗುವುದು. ಅಷ್ಟು ಹೊತ್ತಿಗೆ ಆಟೋಗಳು ಬಂದು ನಮ್ಮ ಸವಾರಿಯನ್ನೆಲ್ಲ ನುಂಗಿದ್ದವು. ನನ್ನ ಜಟ್ಕಾಕ್ಕೆ ಮೊಮ್ಮಗಳೇ ಖಾಯಂ ಸವಾರಿ. ಬಾಡಿಗೆ ಅಂತ ನನ್ನ ಅಂಗಿಯ ಮೇಲೆ ಏನಾದರೂ ಕೊಟ್ಟೇ ಇಳಿಯುತ್ತಿದ್ದಳು. ಅಂಚಿಗೆಲ್ಲ ತೂತಿರುವ ಪಟ್ಟೆ ಪಟ್ಟೆ ಪ್ರಿಂಟರ್ ಕಾಗದದ ರಾಶಿಯ ಮೇಲೆ ಟವೆಲ್ ಹಾಸಿ ಅವಳನ್ನು ಏಸಿ ರೂಮಿನಲ್ಲಿ ಮಲಗಿಸುವುದು, ನಾನು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂರುವುದು. ಇಡೀ ಜಿಲ್ಲೆಯಲ್ಲಿ ಏಸಿಯಲ್ಲಿ ಮಲಗುತ್ತಿದ್ದ ಕೂಸು ನಮ್ಮದೊಂದೇ ಇರಬೇಕು. ಹಾಗಂತ ನಾನು ಸ್ಟಾಂಡಿನಲ್ಲಿ ದಿನಾ ಹೇಳುತ್ತಿದ್ದೆ.

ಶಿವರಾತ್ರಿಯ ಹೊತ್ತಿಗೆ ಸುದ್ದಿ ಬಂತು: ಬೆಂಗಳೂರಿನಿಂದ ಡೈರೆಕ್ಟರು ಬರುತ್ತಾರೆ, ಎಮ್ಮೆ ಲೆಕ್ಕವನ್ನು ಕಂಪ್ಯೂಟರಿನಲ್ಲೇ ನೋಡುತ್ತಾರೆ. ಸರಿಯಾಗಿ ಓಡಿದರೆ ಮಗಳ ಕೆಲಸ ಖಾಯಂ ಮಾಡುವ ಮಾತು ಅವರ ಬಾಯಲ್ಲೇ ಬರಬೇಕು. ಓಡದಿದ್ದರೆ ಟೆಂಪೊರರಿಗಳನ್ನೆಲ್ಲ ಆ ತಿಂಗಳಿಗೇ ಬಿಡಿಸಿ ಕಳಿಸುವುದು ಅಂತ ಮೊದಲೇ ಗುಸುಗುಸು ಇತ್ತು. ಸಾಹೇಬರು ಒಂದು ಸಲ ಓಡಿಸಿ ತೋರಿಸು ಅಂದರು. ಮಗಳು ಓಡಿಸಿದಳು. ನಾನು ಕೂಸಿನ ಬೆನ್ನು ತಟ್ಟುತ್ತಾ ಅಲ್ಲೇ ಇದ್ದೆ.

ಪರದೆಯ ಮೇಲೆ ಮೂರು ಸಾಲು ಬಂತು. ಸಾಹೇಬರು ಗಟ್ಟಿಯಾಗಿ ಓದಿದರು. "ಒಂದು, ಕುಣಿಗಲ್. ಎರಡು, ತುಮಕೂರು. ಮೂರು..."

ಮೂರನೆಯದನ್ನು ಓದಲು ಆಗಲಿಲ್ಲ. ನನಗೆ ಇಂಗ್ಲಿಷ್ ಬರದಿದ್ದರೂ ನಾನು ಅದನ್ನು ಓದಿದೆ. ಒಂದು ನಗುವ ಮುಖ, ಆಮೇಲೆ ಆಟೀನು, ಆಮೇಲೆ ಡೈಮನ್ನು. ಸ್ಟಾಂಡಿನಲ್ಲಿ ಕೂತು ಇಸ್ಪೀಟು ಆಡಿದವನಿಗೆ ಅಷ್ಟು ವಿದ್ಯೆ ಇದ್ದೇ ಇರುತ್ತದೆ.

"ಇದ್ಯಾವ ತಾಲ್ಲೂಕಮ್ಮ?" ಅಂದರು ಸಾಹೇಬರು. ಆ ತಾಲ್ಲೂಕಿನ ಎಮ್ಮೆ ಕೊಡುವ ಹಾಲಿನ ಅಂಕಿ ಪರದೆಯ ಅಂಚಿನವರೆಗೂ ಹೋಗಿತ್ತು. ಅಷ್ಟು ಹಾಲಾದರೆ ಅಮಾನಿಕೆರೆ ತುಂಬಿ ಕೋಡಿ ಬೀಳುತ್ತದೆ. ಸಾಹೇಬರು ಮತ್ತೆ ಮೇಲಿಂದ ಓದಿದರು, ಮುಖ ಬಿಳಿಚಿಕೊಂಡಿತು.

"ಗುಬ್ಬಿ ಎಲ್ಲಿ?"

ಮಗಳು ಪರದೆಯ ಹತ್ತಿರಕ್ಕೆ ಇನ್ನಷ್ಟು ಬಗ್ಗಿದಳು.

"ಗುಬ್ಬಿ ಎಲ್ಲಮ್ಮ ಹೋಯ್ತು? ನಮ್ಮ ತಾಯಿ ಅಲ್ಲೇ ಇದಾರೆ! ನಿನ್ನೆ ಭಾನುವಾರ ಹೋಗಿ ಊಟ ಮಾಡ್ಕೊಂಡ್ ಬಂದಿದೀನಿ!"

ಇನ್ನೊಂದು ಸಲ ಓಡಿಸಿದಳು. ಈ ಸಲ ನಗುವ ಮುಖ ಇಲ್ಲ, ಇಸ್ಪೀಟಿದೆ. ಹಾಲು ಮೈನಸ್ಸಿಗೆ ಇಳಿದಿತ್ತು. ಅಂದರೆ ಆ ತಾಲ್ಲೂಕಿನಲ್ಲಿ ಎಮ್ಮೆಯೇ ಜನರ ಹಾಲು ಕುಡಿಯುತ್ತದೆ. ಗುಬ್ಬಿ ಮಾತ್ರ ಎರಡು ಸಲವೂ ಇಲ್ಲ.

ಬರೆದ ಫ್ಲಾಪಿ ತೆಗೆದು ನೋಡೋಣ ಅಂತ ಹಾಕಿದರೆ ಕಂಪ್ಯೂಟರ್ ಕರಕರ ಅಂದು ಉಗುಳಿಬಿಟ್ಟಿತು. ಕಿಂಡಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಇನ್ನೊಂದು ನಕಲು ಯಾಕಿಲ್ಲ ಅಂತ ನೀವು ಕೇಳಬಹುದು. ಖಾಲಿ ಫ್ಲಾಪಿಗಳೆಲ್ಲ ಸಾಹೇಬರ ಬೀರುವಿನಲ್ಲಿ ಬೀಗದೊಳಗೆ ಇದ್ದವು. ಉಪಯೋಗಿಸಿದರೆ ಖರ್ಚಾಗುತ್ತವೆ ಅಂತ. ಹೀಗೆ ಅಕ್ಕಿ ಉದ್ದು ಎರಡೂ ದೇವರ ಪಾಲಾಗಿ, ಡಬ್ಬದ ಹೊಟ್ಟೆಯಲ್ಲಿ ಉಳಿದದ್ದು ರುಬ್ಬಿದ ಹಿಟ್ಟೊಂದೇ. ಮೊದಲಿಂದ ಬರೆಯೋಣ ಅಂದರೆ ತಿಂಗಳುಗಟ್ಟಲೆ ಬೇಕು, ಡೈರೆಕ್ಟರು ಬರುವುದು ಮುಂದಿನ ವಾರ.

ಹಿಟ್ಟಿನಲ್ಲೇ ಕಲ್ಲು ಹುಡುಕಲು ಕೂತಳು ನನ್ನ ಮಗಳು. ಅದಕ್ಕೂ ಒಂದು ಉಪಾಯ ಇದೆಯಂತೆ. ಹಿಟ್ಟನ್ನು ಪರದೆಯ ಮೇಲೆ ಸುರಿದರೆ ಜೋಡಿ ಜೋಡಿ ಅಂಕಿಗಳಾಗಿ ಕಾಣುತ್ತದೆ. ಅಂಕಿಗಳ ನಡುನಡುವೆ ಎ, ಬಿ, ಸಿ, ಡಿ ಕೂಡ. ಪರದೆ ತುಂಬಾ ಅದೇ, ಒತ್ತಿದರೆ ಮತ್ತೊಂದು ಪರದೆ ತುಂಬಾ ಅದೇ. ಓಡುತ್ತಿರುವ ಪ್ರೋಗ್ರಾಮನ್ನು ಒಂದೊಂದು ಹೆಜ್ಜೆಗೂ ಲಗಾಮು ಹಿಡಿದು ನಿಲ್ಲಿಸಿ, ಈಗ ಏನು ಮಾಡಿದೆ, ಕೈಯಲ್ಲಿ ಏನು ಹಿಡಿದಿದ್ದೀ ಅಂತ ವಿಚಾರಿಸಲೂಬಹುದು. ವಿಚಿತ್ರ ನೋಡಿ, ಹಾಗೆ ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ಆ ನಗುವ ಮುಖವೂ ಇಲ್ಲ, ಕೆರೆಯಷ್ಟು ಹಾಲೂ ಇಲ್ಲ! ಮೂರನೇ ಸಾಲು ಖಾಲಿ, ಸಾಧು ಹಸುವಿನ ಹಾಗೆ. ಲಗಾಮು ಬಿಟ್ಟರೆ ಮತ್ತೆ ಅದೇ ಕಿತಾಪತಿ.

"ನಾನು ನೋಡ್ತಿದೀನಿ ಅಂದ್ರೆ ನೆಟ್ಟಗಿರ್ತದೆ ಕಣಪ್ಪ" ಅಂದಳು ಮಗಳು, ಕಣ್ಣು ಕೆಂಪಾಗಿತ್ತು.

"ನಿಮ್ ಆಫೀಸಲ್ಲೇ ಬೆಳೆದಿದ್ದಲ್ವಾ" ಅಂದೆ. ಹೊರಗೆ ಸಾಹೇಬರು ರೌಂಡಿಗೆ ಬಂದ ಸದ್ದಾಗಿತ್ತು. ನಿದ್ದೆ ಮಾಡುತ್ತಿದ್ದ ಗುಮಾಸ್ತರೆಲ್ಲ ಏಕಕಾಲಕ್ಕೆ ಫೈಲು ತಿರುವಿಹಾಕುವ ಸದ್ದು ಏಸಿ ರೂಮಿಗೂ ಕೇಳುತ್ತಿತ್ತು.

ಅವಳು ನಗಲಿಲ್ಲ. ಮನೆಗೆ ಬಂದರೂ ಅದೇ ಧ್ಯಾನ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವಳು ಅಲ್ಲೇ ಬಿಟ್ಟು ಯೋಚನೆಗೆ ಕೂರುತ್ತಿದ್ದಳು. ನನ್ನ ಹೆಂಡತಿ ತಡೆಯಲಾರದೆ, "ಏನ್ರೀ, ಆ ಡಬ್ಬಕ್ಕೆ ಯಾರ್ದೋ ಕಣ್ಣು ಬಿದ್ದದೆ. ನಾನು ಬಂದು ಮೆಣಸಿನಕಾಯಿ ನೀವಾಳಿಸ್ತೀನಿ" ಅಂದಳು.

"ಬ್ಯಾಡ ಕಣೇ" ಅಂದೆ. "ಆಗ್ಲೇ ಒಂದ್ಸಲ ಅದಕ್ಕೆ ಒಳ್ಳೇದು ಮಾಡಿ ಹಿಂಗಾಗಿರೋದು."

ಕುಣಿಗಲ್ಲಿನಿಂದ ಬೀಗಿತ್ತಿ ಬಂದು ಕೂಸನ್ನು ನೋಡಿ, ಕುಲಾವಿ ಹಾಕಿ, ಹೋಗುವಾಗ ಬಾಗಿಲಲ್ಲಿ ನಿಂತು, "ಯುಗಾದಿಗೆ ತೊಟ್ಲು ಕಟ್ಟಕ್ಕೆ ನಮ್ಮನೆ ಜಗಲೀಲಿ ಕೊಂಡಿ ಹೊಡೆಸಿ ಇಟ್ಟಿದೀವಿ" ಅಂದರು. ಒಳ್ಳೆಯ ಮಾತೇ. ಆದರೆ ಮಗಳು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳು. ಒಲೆ ಉರಿಯುತ್ತಿರಲಿಲ್ಲ.

ಡೈರೆಕ್ಟರು ಬರುವ ಹಿಂದಿನ ದಿನ. ಬಿಸಿಲು ಏರಿತ್ತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಏಸಿ ರೂಮಿಗೆ ಹೋದೆ. ಮಗಳು ಪರದೆಗೆ ಹಣೆ ತಾಗಿಸಿದ ಹಾಗೆ ಕೂತಿದ್ದಳು. ಸಾಹೇಬರು ಹಿಂದುಗಡೆ ಶತಪಥ ಹಾಕುತ್ತಾ, "ಬೇಕಾದ್ರೆ ಗುಬ್ಬಿ ಇದೆ ಅಂತ ಕೈಯಲ್ಲಿ ಬರೆದು ಅಂಟಿಸಿಬಿಡಮ್ಮ" ಅನ್ನುತ್ತಿದ್ದರು. ನನ್ನನ್ನು ಕಂಡು ಮನಸ್ಸು ಬೇರೆ ಕಡೆ ಹೋಗಲಿ ಅಂತಲೋ ಏನೋ, "ಏನಯ್ಯ, ಎಷ್ಟಾಯ್ತು ಮೊಮ್ಮಗಳಿಗೆ?" ಅಂದರು.

ಯಾರಾದರೂ ಕೇಳುವುದನ್ನೇ ನಾನು ಕಾಯುತ್ತಿದ್ದೆ. "ಒಂದು ನಡೀತಾ ಅದೆ ಬುದ್ಧೀ!" ಅಂದೆ.

"ಒಂದಾ? ಆಯುಧಪೂಜೆಗಲ್ವೇನಯ್ಯ ಹುಟ್ಟಿದ್ದು? ಇನ್ನೂ ಅರ್ಧ ವರ್ಷ ಆಗಿಲ್ಲ."

"ಅದೇ, ಒಂದನೇದು ನಡೀತಾ ಅದೆ."

"ಹಂಗೆಲ್ಲ ಹೇಳೋ ಹಂಗಿಲ್ಲ. ನಾವು ಜನಗಣತೀಲಿ ತುಂಬಿದ ವರ್ಷ ಮಾತ್ರ ಹಿಡಿಯೋದು. ವರ್ಷ ತುಂಬೋ ತನಕ ಸೊನ್ನೆ."

ನನಗೆ ಎಲ್ಲಿತ್ತೋ ಸಿಟ್ಟು. ಕೂಸನ್ನು ಎತ್ತಿ ಅವರ ಮೂಗಿನ ಹತ್ತಿರ ಹಿಡಿದೆ. "ಇದು ಸೊನ್ನೇನಾ ಸ್ವಾಮಿ? ಇದು? ನೋಡಿ ಈ ತೊಡೆ, ನೋಡಿ ಈ ಕೆನ್ನೆ! ಹೊತ್ಕಂಡು ನೋಡಿ, ಸೊನ್ನೆ ಎಷ್ಟು ತೂಕ ಬತ್ತದೆ ಅಂತ!"

"ನಾನೇನ್ ಬೈದ್ನೇನಯ್ಯ? ಮೊದಲ್ನೇ ವರ್ಷದ್ದೇ ಸೊನ್ನೆ! ಎಣಿಕೆ ಶುರು ಆಗೋದೇ ಅಲ್ಲಿಂದ. ಲೆಕ್ಕ ಓದಿದ ಯಾರ್ನಾದ್ರೂ ಕೇಳು. ಬೇಕಾದ್ರೆ ನಿನ್ ಮಗಳನ್ನೇ ಕೇಳು!"

ಮಗಳ ಕಡೆ ತಿರುಗಿದೆವು. ಅವಳು ಪರದೆ ಬಿಟ್ಟು ಸಾಹೇಬರನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನಮ್ಮ ಮೂಕಿಯ ಪಕ್ಕದಲ್ಲಿ ಕೂತು ರೈಲಿನ ಜನ ಎಣಿಸುತ್ತಿದ್ದ ಹುಡುಗಿ ಬಂದು ಕೂತಿದ್ದಳು.

"ಹೌದು ಸಾರ್" ಅಂದಳು ಮೆಲ್ಲಗೆ. "ಸೊನ್ನೆಯಿಂದ್ಲೇ ಶುರು."

ಸಾಹೇಬರು ಗೆದ್ದವರ ಹಾಗೆ ನನ್ನ ಕಡೆ ನೋಡಿ, ಕರ್ಟನ್ ಒಗೆಯಲು ಹೋಗಿದೆಯೋ ಇಲ್ಲವೋ ವಿಚಾರಿಸಲು ಹೊರಗೆ ಹೋದರು. ಮಗಳು ಬಾಗಿಲು ಮುಚ್ಚಿಕೊಂಡಳು. ಕೂತು, ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ಓಡಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ಅಪ್ಪಾ, ಇಲ್ನೋಡು. ಇಷ್ಟು ದಿವ್ಸ ಇದರ ಮೇಲೇ ಓಡಾಡಿದೀನಿ. ಒಂದು. ನೋಡಕ್ಕೆ ಎಷ್ಟು ಮರ್ಯಾದಸ್ಥನಂಗೆ ಇದೆ. ಅನುಮಾನಾನೇ ಬರ್ಲಿಲ್ಲ."

ಆಮೇಲೆ ಬಿಡಿಸಿ ಹೇಳಿದಳು. ಆ ಪ್ಯಾಕೇಜು ಮಾಡಿದವರು ಮೊದಲನೇ ಸಾಲಿಗೆ ಸೊನ್ನೆ ಅಂತಲೇ ನಂಬರು ಕೊಡುವುದು. ಗುಬ್ಬಿ ಕೂತಿರುವುದು ಸೊನ್ನೆಯಲ್ಲಿ, ಕುಣಿಗಲ್ ಒಂದರಲ್ಲಿ, ತುಮಕೂರು ಎರಡರಲ್ಲಿ. ಪೂಜೆಯ ದಿನ ಒಂದು ಮಾಡಿದ್ದರಿಂದ ಇವಳ ಪ್ರೋಗ್ರಾಮು ಗುಬ್ಬಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ, ಮೂರು ಎಣಿಸಬೇಕಲ್ಲ ಅಂತ ತುಮಕೂರು ದಾಟಿದ ಮೇಲೂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಅಲ್ಲಿ ತಾಲ್ಲೂಕೂ ಇಲ್ಲ, ಎಮ್ಮೆಯೂ ಇಲ್ಲ. ಯಾರೋ ಬಿಟ್ಟುಹೋದ ಕಸ. ಅದನ್ನೇ ಕರೆದು ಹಾಲಿನ ಲೆಕ್ಕ ಹೇಳುತ್ತಿತ್ತು. ಲಗಾಮು ಹಿಡಿದು ಓಡಿಸಿದಾಗ ಆ ಜಾಗ ಗುಡಿಸಿಟ್ಟಿರುತ್ತದಂತೆ, ಅದಕ್ಕೇ ಆಗ ಖಾಲಿ. "ಪೂಜೆ ಮುಗುದ್ಮೇಲೆ ವಾಪಸ್ ಸೊನ್ನೆ ಮಾಡೋಣ ಅನ್ಕೊಂಡಿದ್ದೆ ಅಪ್ಪಾ. ಅಷ್ಟೊತ್ತಿಗೆ ಇವಳು ಬಂದ್ಲು. ಬಂದ್ಮೇಲೆ ಇನ್ಯಾವ್ದು ನೆನಪಿರ್ತದೆ?"

ನಿಜ. ಈ ಕೂಸನ್ನು ನೋಡಿದ ಮೇಲೆ ಜ್ಞಾಪಕ ಉಳಿಯುವುದಾದರೆ ಅದು ಜ್ಞಾಪಕದ್ದೇ ತಪ್ಪು.

"ಹಂಗಾದ್ರೆ ಸಾಹೇಬ್ರಿಗೆ ಹೇಳಿ ಸೊನ್ನೆ ಮಾಡ್ಸು."

"ಹೇಳಿದ್ರೆ ಒಪ್ತಾರಾ? ನಾಳೆ ಡೈರೆಕ್ಟ್ರು ಬರೋ ದಿವ್ಸ, ಅವರ ಪ್ರಮೋಷನ್ ದಿವ್ಸ. ಸೊನ್ನೆ ಅಂದ್ರೆ ಎದೆ ಹೊಡ್ಕೊಂಡ್ ಬಿಡ್ತಾರೆ."

"ಮತ್ತೆ?"

ನನ್ನ ಮಗಳು ಆವತ್ತು ಬಹಳ ದಿನಗಳ ಮೇಲೆ ನಕ್ಕಳು. "ರುಬ್ಬಿದ್ಮೇಲೆ ಯಾರಿಗೆ ಕಾಣ್ತದೆ ಅಪ್ಪಾ?"

ಹಿಟ್ಟಿನೊಳಗೆ ಕೈ ಹಾಕಿ ಒಂದೇ ಒಂದು ಕಾಳು ಬದಲಾಯಿಸಿದಳು. ಒಂದು ಇದ್ದ ಕಡೆ ಸೊನ್ನೆ. ಓಡಿಸಿದಳು. ಗುಬ್ಬಿ, ಕುಣಿಗಲ್, ತುಮಕೂರು, ಮೂರೂ ಒಳ್ಳೆಯ ಮಕ್ಕಳ ಹಾಗೆ ಸಾಲಾಗಿ ಬಂದು ನಿಂತವು. ಎಮ್ಮೆಗಳು ಎಮ್ಮೆ ಕೊಡುವಷ್ಟೇ ಹಾಲು ಕೊಟ್ಟವು. ಪರದೆಯ ಎಡಗಡೆ ಒಂದು, ಎರಡು, ಮೂರು ಅಂತ ಮೊದಲಿನ ಹಾಗೇ ಕಾಣುತ್ತಿತ್ತು. ಅದು ಬರೀ ತೋರಿಕೆಗೆ ಬರೆಯುವ ನಂಬರು, ಒಳಗಿನ ಎಣಿಕೆಗೂ ಅದಕ್ಕೂ ಸಂಬಂಧ ಇಲ್ಲವಂತೆ. ಸಾಹೇಬರನ್ನು ಕರೆದಳು. ಅವರು ಬಂದು ಮೊದಲನೇ ಸಾಲು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಾಯಿ ಸಿಕ್ಕಿದ ಹಾಗಾಗಿತ್ತು ಅವರಿಗೆ.

ಮಾರನೇ ದಿನ ಡೈರೆಕ್ಟರು ಬಂದರು. ಸಣ್ಣಗಿನ ಮನುಷ್ಯ, ಕಡಿಮೆ ಮಾತು, ಚಪ್ಪಲಿಯನ್ನು ತಾವೇ ಬಿಟ್ಟು ಒಳಗೆ ಬಂದರು. ಸಾಹೇಬರು ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಹೊರಿಸಿದರು. ಆ ಮನುಷ್ಯ ಅದರಡಿಯಲ್ಲಿ ಕಾಣದಂತಾದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹಸಿವಿನ ಹೊತ್ತು. ಅತ್ತರೆ ಗತಿ ಏನು ಅಂತ ನನ್ನ ಬೆರಳನ್ನೇ ಅದರ ಬಾಯಿಗೆ ಕೊಟ್ಟಿದ್ದೆ.

ಪ್ರೋಗ್ರಾಮು ಓಡಿತು. ಗುಬ್ಬಿ ಬಂತು. ಡೈರೆಕ್ಟರು ತಲೆ ಆಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. "ಈ ಪ್ಯಾಕೇಜಿಗೆ ನಮ್ಮವರು ಏನಾದರೂ ಸೇರಿಸೋಕೆ ಹೋದಾಗ ಎಲ್ಲಾ ಕಡೆ ಮೊದಲನೇ ಸಾಲೇ ತಪ್ಪಿಹೋಗ್ತಿದೆ. ನಿಮ್ಮಲ್ಲಿ ಎಣಿಕೆ ಎಲ್ಲಿಂದ ಶುರು ಮಾಡಿದೀರಿ?"

ಮಗಳು ಬಾಯಿ ತೆರೆಯುವುದಕ್ಕೆ ಮುಂಚೆ ಸಾಹೇಬರು ಎರಡು ಹೆಜ್ಜೆ ಮುಂದೆ ಬಂದರು. "ಒಂದರಿಂದ್ಲೇ ಸಾರ್! ನಾನೇ ನಿಂತು ಮಾಡಿಸಿದ್ದು. ನನ್ನ ಆಫೀಸಲ್ಲಿ ಯಾವ್ದೂ ಸೊನ್ನೆಯಿಂದ ಶುರು ಆಗಲ್ಲ."

ರೂಮು ಇನ್ನಷ್ಟು ತಣ್ಣಗಾಯಿತು. ಡೈರೆಕ್ಟರು ಸಾಹೇಬರನ್ನು ನೋಡಿದರು, ಪರದೆಯನ್ನು ನೋಡಿದರು, ಪ್ರಿಂಟರಿನ ಕೆಳಗೆ ಇನ್ನೂ ಒಣಗಿ ಅಂಟಿಕೊಂಡಿದ್ದ ನಿಂಬೆಹಣ್ಣಿನ ಸಿಪ್ಪೆಯನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ಹೌದೇನಮ್ಮ?"

"ಪರದೆ ಮೇಲೆ ಒಂದರಿಂದ, ಸಾರ್" ಅಂದಳು ಮಗಳು.

"ಒಳಗೆ?"

"ಒಳಗಿಂದು ಕಾಣಲ್ಲ, ಸಾರ್."

ಡೈರೆಕ್ಟರ ಮೀಸೆ ಸ್ವಲ್ಪ ಅಲುಗಾಡಿತು. ಶಾಲಿನೊಳಗೆ ಕೆಮ್ಮಿಕೊಂಡರು. "ಯಂತ್ರಾನೂ ನಿಭಾಯಿಸ್ತೀರಿ, ಆಫೀಸನ್ನೂ ನಿಭಾಯಿಸ್ತೀರಿ. ಇಂಥವರು ನಮಗೆ ಇರ್ಬೇಕು" ಅಂದು, ಸಾಹೇಬರ ಕಡೆ ತಿರುಗಿ, "ಇವರನ್ನ ಖಾಯಂ ಮಾಡೋಕೆ ಏನ್ ಬೇಕೋ ಇವತ್ತೇ ಕಳಿಸ್ರಿ" ಅಂದರು. ನನಗೆ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ನನ್ನ ಪರವಾಗಿ ಮೊಮ್ಮಗಳು ಬೆರಳು ಉಗುಳಿ ಕೂಗಿದಳು.

ಮಗಳು ಖಾಯಂ ಆದಳು. ಬೀಗಿತ್ತಿ ಕುಣಿಗಲ್ಲಿನಲ್ಲಿ ಹೊಡೆಸಿದ್ದ ಕೊಂಡಿಗೆ ಕುಂಬಳಬಳ್ಳಿ ಹಬ್ಬಿಸಿ, ಕಾಯಿ ಬಿಟ್ಟಾಗ ನಮಗೂ ಒಂದು ಕಳಿಸಿದರು. ಅಳಿಯ ತುಮಕೂರಿಗೆ ವರ್ಗ ಮಾಡಿಸಿಕೊಂಡ. ಸಾಹೇಬರಿಗೆ ಪ್ರಮೋಷನ್ನೂ ಬಂತು. ಆಫೀಸಿನಿಂದ ಸೊನ್ನೆಯನ್ನು ಹೊರಗೆ ಓಡಿಸಿದ್ದರಿಂದಲೇ ಬಂತು ಅಂತ ಅವರು ಗುಬ್ಬಿಯಲ್ಲಿ ಎಲ್ಲರಿಗೂ ಹೇಳಿದರಂತೆ.

ಮುಂದಿನ ಆಯುಧಪೂಜೆಗೆ ಅದೇ ಏಸಿ ರೂಮು, ಅದೇ ಪಂಚೆ. ಪ್ರಮೋಷನ್ ಆದ ಮೇಲೂ ಸಾಹೇಬರು ಆ ಕಂಪ್ಯೂಟರಿಗೆ ಆರತಿ ಎತ್ತಲು ಬಂದಿದ್ದರು. ಮಗಳು ಬೆಳಿಗ್ಗೆಯೇ ಫ್ಲಾಪಿಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ನನ್ನ ಜಟ್ಕಾದ ಸೀಟಿನ ಕೆಳಗೆ, ಹುರುಳಿ ಚೀಲದ ಪಕ್ಕದಲ್ಲಿ ಬಚ್ಚಿಟ್ಟಿದ್ದಳು. ಪೂಜೆಗೆ ಅಂತ ಒಂದು ಖಾಲಿ ಫ್ಲಾಪಿ ಇಟ್ಟಿದ್ದಳು. ಸಾಹೇಬರು ಅದರ ಕಣ್ಣಿಗೆ ಕುಂಕುಮ ಹಚ್ಚಿ, ಪರದೆಯ ಮೇಲಿನ ಒಂದಕ್ಕೆ ಕೈಮುಗಿದು, ತೃಪ್ತಿಯಿಂದ ಹಿಂದೆ ತಿರುಗಿದರು. ನನ್ನ ಮೊಮ್ಮಗಳು ಗೋಡೆ ಹಿಡಿದು, ಆಮೇಲೆ ಗೋಡೆಯನ್ನೂ ಬಿಟ್ಟು, ತಟತಟ ಅಂತ ಅವರ ಪಂಚೆಯ ಕಡೆಗೇ ನಡೆದು ಬರುತ್ತಿದ್ದಳು.

"ಅಯ್ಯಯ್ಯೋ, ನಡೀತಾಳೆ! ಇವತ್ತಿಗೆ ಒಂದಾಯ್ತಲ್ವೇನಯ್ಯ?"

"ಎರಡು ನಡೀತಾ ಅದೆ ಬುದ್ಧೀ" ಅಂದೆ.

"ಒಂದು ಕಣಯ್ಯ! ಈಗ ತುಂಬಿರೋದು ಒಂದು!"

"ಎರಡು."

"ಏನಮ್ಮ, ನೀನಾದ್ರೂ ಹೇಳು ನಿಮ್ಮಪ್ಪನಿಗೆ!"

ಮಗಳು ಕೂಸಿನ ಎರಡೂ ಕೈಗೆ ಮಂಡಕ್ಕಿ ತುಂಬುತ್ತಾ, "ಇಬ್ಬರ್ದೂ ಸರಿ ಸಾರ್" ಅಂದಳು.